ಎರಡನೆಯ ನಾಣ್ಯ

ಅಕ್ಕಿ ಮೂಟೆ ಒಂದೇ ಬಂತು.

ಲಾರಿಯವನು ಅದನ್ನು ಬೆನ್ನ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ಕಲ್ಲು ಕ್ವಾರಿಯ ಯಜಮಾನ ಲೊಕೊಸ್ಸು ತಾನೇ ಬಂದಿದ್ದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ.

"ನಮ್ಮ ಕೈಲಾದ್ದು ಕಣವ್ವ," ಅಂದ.

ಅಜ್ಜಿ ಮೂಟೆಯನ್ನು ನೋಡಲಿಲ್ಲ. ಲಾರಿಯನ್ನೇ ನೋಡುತ್ತಿದ್ದಳು. ಇನ್ನೊಂದು ಇಳಿಯುತ್ತದೆ ಎಂದು ಕಾಯುತ್ತಿದ್ದಳು. ಲಾರಿಯ ಹಿಂಬಾಗಿಲು ಮುಚ್ಚಿದರು. ಚಿಲಕ ಬಿತ್ತು. ಲೊಕೊಸ್ಸು ಟೋಪಿ ಹಾಕಿಕೊಂಡು ಹತ್ತಿ ಕೂತ. ಧೂಳು ಎದ್ದಿತು, ಇಳಿಯಿತು.

"ಒಂದೇ ತಂದ," ಅಂದಳು ಅಜ್ಜಿ. "ಉಳಿದವನನ್ನೂ ಕೇಳ್ತಾ ಇದ್ದಾನೆ."

ಅವಳಿಗಳ ಮನೆಗೆ ಯಾರೂ ಒಂದನ್ನು ತರುವುದಿಲ್ಲ. ಬಾಳೆಹಣ್ಣು ತಂದರೆ ಎರಡು. ನಾಣ್ಯ ಕೊಟ್ಟರೆ ಎರಡು. ಒಬ್ಬನ ತಲೆ ಸವರಿದರೆ ಇನ್ನೊಬ್ಬನದನ್ನೂ ಸವರಬೇಕು. ಒಂದು ಕೊಡುವುದೆಂದರೆ ಒಬ್ಬನೇ ಸಾಕು ಅನ್ನುವುದು. ಒಬ್ಬ ಹೋದ ಮೇಲೂ ಲೆಕ್ಕ ಎರಡೇ. ಹೋದ ಮೇಲೆ ಇನ್ನೂ ಬಿಗಿ. ಇದು ಆ ಊರಿನಲ್ಲಿ ಕುರಿ ಕಾಯುವ ಕೂಸಿಗೂ ಗೊತ್ತು. ಲೊಕೊಸ್ಸುವಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಲ್ಲು ಒಡೆಯುವವರ ಮನೆ, ಯಾರು ಕೇಳುತ್ತಾರೆ ಅಂದುಕೊಂಡ. ಹೋದದ್ದು ಒಬ್ಬ ಹುಡುಗ, ಮೂಟೆ ಒಂದು ಸಾಕು ಅಂದುಕೊಂಡ.

ಹನ್ನೊಂದು ವರ್ಷದ ಡೊಸ್ಸಿ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದಳು. ಅವಳ ಹೆಸರೇ ಹೇಳುವ ಹಾಗೆ ಅವಳು ಅವಳಿಗಳ ಬೆನ್ನಿಗೆ ಹುಟ್ಟಿದವಳು. ಮೇಲಿನಿಬ್ಬರು ಜಿನ್ಸು, ಸಾಗ್ಬೊ. ಇಬ್ಬರಿಗೂ ಹದಿನಾಲ್ಕು. ಒಂದೇ ಮುಖ, ಒಂದೇ ನಗು. ಜಿನ್ಸುವಿನ ಮುಂದಿನ ಹಲ್ಲು ಮಾತ್ರ ಅರ್ಧ ಮುರಿದಿತ್ತು.

ಜಿನ್ಸು ಕಟ್ಟಿಗೆಗೆ ಹೋಗಿದ್ದ.

ಹಾಗೆಯೇ ಹೇಳಬೇಕು. ಅವಳಿಗಳಲ್ಲಿ ಒಬ್ಬ ಹೋದರೆ ಸತ್ತ ಅನ್ನುವಂತಿಲ್ಲ. ಅಳುವಂತಿಲ್ಲ. ಅತ್ತರೆ ಉಳಿದವನಿಗೆ ಕೇಳಿಸುತ್ತದೆ, ಅವನೂ ಅದೇ ದಾರಿ ಹಿಡಿಯುತ್ತಾನೆ. ಕಾಡಿಗೆ ಕಟ್ಟಿಗೆ ತರಲು ಹೋಗಿದ್ದಾನೆ, ಅಷ್ಟೇ. ಅಮ್ಮ ಸೆನಾಮಿ ಆ ದಿನ ಸೊಂಟದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಸಂಜೆ ಬಟ್ಟೆಯನ್ನು ಹೊರಗೆ ತೆಗೆದಾಗ ಅದರಲ್ಲಿ ರಕ್ತವಿತ್ತು. ಕಣ್ಣಲ್ಲಿ ನೀರಿರಲಿಲ್ಲ.

ಆದರೆ ಡೊಸ್ಸಿ ನೋಡಿದ್ದಳು. ಅಣ್ಣ ಕಾಡಿಗೆ ಹೋಗಿರಲಿಲ್ಲ.

ಕ್ವಾರಿಯ ಮೇಲಿನ ಚಾಚು ಬಂಡೆಯ ಮೇಲೆ ಹಿಂದಿನ ದಿನ ಹಳೇ ಟೈರು ಉರಿಸಿದ್ದರು. ಕಾದ ಬಂಡೆ ಬಿರುಕು ಬಿಟ್ಟಿತ್ತು. ಗಂಡಸರು ಮುಂಜಾನೆ ಬಂದು ನೋಡಿ ಕೆಳಗೆ ಹೋಗುವುದಿಲ್ಲ ಅಂದರು. ತಾನಾಗಿ ಬೀಳಲಿ, ಎರಡು ದಿನ ಬಿಡಿ ಅಂದರು. ಪಟ್ಟಣದ ಲಾರಿ ಬಂದು ನಿಂತಿತ್ತು. ಲೊಕೊಸ್ಸು ಗಡಿಯಾರ ನೋಡಿದ. ಆಮೇಲೆ ಮಕ್ಕಳು ಕೂತು ಜಲ್ಲಿ ಒಡೆಯುವ ಕಡೆ ನೋಡಿದ.

"ಏ ಅವಳಿ! ನೀವು ಸಣ್ಣಗಿದ್ದೀರಿ, ನುಸೀತೀರಿ. ಒಳಗಿನ ಕಲ್ಲು ಎಳೆದು ಹಾಕಿ. ಇಬ್ಬರಿಗೂ ಐವತ್ತೈವತ್ತು ಜಾಸ್ತಿ."

ಸಾಗ್ಬೊ ನೀರಿಗೆ ಹೋಗಿದ್ದ. ಜಿನ್ಸು ಒಬ್ಬನೇ ಎದ್ದ. "ಅವನ ಪಾಲನ್ನೂ ನಾನೇ ಎಳೀತೀನಿ ಬಿಡಿ," ಅಂದು ಮುರುಕು ಹಲ್ಲು ತೋರಿಸಿದ. ನುಸಿದ. ಮೂರು ಕಲ್ಲು ಹೊರಗೆ ಬಂದವು. ನಾಲ್ಕನೆಯದು ಬರಲಿಲ್ಲ.

ಪೊಲೀಸಿನವನು ಮೋಟಾರು ಸೈಕಲ್ಲಿನಲ್ಲಿ ಬಂದ. ಪುಸ್ತಕ ತೆಗೆದ. ಲೊಕೊಸ್ಸು ಅವನಿಗೆ ಮರದ ಕೆಳಗೆ ಕುರ್ಚಿ ಹಾಕಿಸಿದ.

"ಆಟ ಆಡ್ತಾ ಆಡ್ತಾ ಒಳಗೆ ಹೋಗಿದ್ದಾನೆ ಸಾರ್. ಎಷ್ಟು ಸಲ ಬೈದಿದೀನಿ. ಮಕ್ಕಳು ಕೇಳ್ತಾವಾ?"

ಪೊಲೀಸಿನವನು ಬರೆದುಕೊಂಡ. ಆಟ. ಅರವತ್ತು ಜನ ಸುತ್ತಿಗೆ ಹಿಡಿದು ನಿಂತಿದ್ದರು. ಯಾರೂ ಬಾಯಿ ಬಿಡಲಿಲ್ಲ. ಡೊಸ್ಸಿಯ ತಲೆಯ ಮೇಲೆ ಜಲ್ಲಿಯ ಬಾಂಡ್ಲಿ ಇತ್ತು. ಅದನ್ನು ಇಳಿಸಲು ಅವಳಿಗೆ ನೆನಪಾಗಲಿಲ್ಲ. ಆ ಭಾರದ ಕೆಳಗೆ ನಿಂತು ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು.

ಮೂಟೆಯನ್ನು ಸೂರಿನ ಕೆಳಗೆ ತಳ್ಳಿದರು. ಬಿಚ್ಚಲಿಲ್ಲ. ಅಪ್ಪ ಗಡಿಯಾಚೆ ನೈಜೀರಿಯಾದಲ್ಲಿ ಯಾರದೋ ಹೊಲದಲ್ಲಿ ಗೆಣಸು ಅಗೆಯುತ್ತಿದ್ದ. ಹಣ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಜೋಳದ ಮುದ್ದೆ ಎರಡು ಹೊತ್ತಿದ್ದದ್ದು ಒಂದು ಹೊತ್ತಾಯಿತು. ಆ ಒಂದು ಹೊತ್ತನ್ನು ಅವರು ಮೂಟೆಯ ಪಕ್ಕದಲ್ಲೇ ಕೂತು ತಿನ್ನುತ್ತಿದ್ದರು.

"ಬಿಚ್ಚು ಸೆನಾಮಿ," ಅಂದಳು ಪಕ್ಕದ ಮನೆಯ ಹೂಎಫಾ. ಅವಳೂ ಕ್ವಾರಿಯಲ್ಲಿ ಕಲ್ಲು ಒಡೆಯುವವಳು. ಗಂಡ ತೀರಿಹೋದ ವರ್ಷ ಸುತ್ತಿಗೆ ಹಿಡಿದವಳು, ಹನ್ನೆರಡು ವರ್ಷ ಕೆಳಗಿಟ್ಟಿರಲಿಲ್ಲ. "ಹುಳ ತಿನ್ನೋದನ್ನ ಮಕ್ಕಳು ತಿನ್ನಲಿ."

"ಬಿಚ್ಚಿದ್ರೆ ಒಬ್ಬ ಮಗ ಸಾಕು ಅಂತ ನಾನೇ ಒಪ್ಪಿದ ಹಾಗೆ ಅಕ್ಕ."



ಬಡಗಿ ಒಂದು ಗೊಂಬೆ ಕೆತ್ತಿಕೊಟ್ಟ. ಬೆರಳುದ್ದ. ಎರಡು ಕಣ್ಣು, ಒಂದು ಗೆರೆಯ ಬಾಯಿ. ಅದೇ ಜಿನ್ಸು. ಸಾಗ್ಬೊ ಅದನ್ನು ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ. ಸ್ನಾನ ಮಾಡಿದರೆ ಅದಕ್ಕೂ ಸ್ನಾನ. ಅಲಸಂದೆ ಕಾಳು ತಿಂದರೆ ಮೊದಲ ಕಾಳು ಅದರ ಬಾಯಿಗೆ. ಮಾತು ಮಾತ್ರ ನಿಂತಿತು. ಕ್ವಾರಿಗೆ ಹೋಗುವುದನ್ನು ಬಿಟ್ಟ. ಬಂಡೆಯ ಕಡೆ ಮುಖ ಮಾಡಿಯೂ ಕೂರುತ್ತಿರಲಿಲ್ಲ.

ಮಳೆ ಬಂತು. ಸ್ಕೂಲು ತೆರೆಯುವ ಮಾತು ಬಂತು. ಸಾಗ್ಬೊ ದೊಡ್ಡ ಸ್ಕೂಲಿಗೆ ಹೋಗಬೇಕಿತ್ತು. ಅಲ್ಲಿ ಖಾಕಿ ಯೂನಿಫಾರ್ಮ್ ಬೇಕು. ಖಾಕಿಗೆಂದೇ ಅವಳಿಗಳು ರಜೆಯಲ್ಲೂ ಭಾನುವಾರದಲ್ಲೂ ಜಲ್ಲಿ ಒಡೆದದ್ದು. ಆ ಹಣ ಗುಂಡಿ ತೋಡಿದವರಿಗೆ, ಬಡಗಿಗೆ, ಪೂಜೆಯ ಕೋಳಿಗೆ ಹೋಗಿತ್ತು.

"ಹೋಗಲ್ಲ," ಅಂದ ಸಾಗ್ಬೊ. ಬಹಳ ದಿನಗಳ ಮೇಲೆ ಆಡಿದ ಮಾತು.

"ನಾನು ಖಾಕಿ ತಂದುಕೊಟ್ರೆ?" ಅಂದಳು ಡೊಸ್ಸಿ.

"ಇಬ್ಬರಿಗೂ ತರಬೇಕು."

"ತರ್ತೀನಿ."

"ಅವನಿಗೆ ಚೂರು ಬಟ್ಟೆ ತರೋದಲ್ಲ. ನನ್ನಷ್ಟೇ. ಅವನು ಕಾಡಿಂದ ಬಂದಾಗ ಗೊಂಬೆ ಬಟ್ಟೆ ಹಾಕ್ಕೋತಾನಾ?"

"ನಿನ್ನಷ್ಟೇ ತರ್ತೀನಿ ಅಣ್ಣ."

ಅವಳು ಅಮ್ಮನ ಮುಖ ನೋಡಲಿಲ್ಲ. ಮೂಲೆಯಲ್ಲಿದ್ದ ಜಿನ್ಸುವಿನ ಸುತ್ತಿಗೆಯನ್ನು ಎತ್ತಿಕೊಂಡಳು. ಹಿಡಿ ಅವಳ ಕೈಗೆ ದಪ್ಪ. ಸೈಕಲ್ ಟ್ಯೂಬು ಸುತ್ತಿದ ಜಾಗದಲ್ಲಿ ಅವನ ಬೆರಳಿನ ಗುಳಿಗಳಿದ್ದವು.

ಜಲ್ಲಿ ಒಡೆಯುವುದು ಹೀಗೆ. ಕಾಲು ಚಾಚಿ ಕೂರಬೇಕು. ಎರಡು ಪಾದದ ನಡುವೆ ಗಟ್ಟಿ ಕಲ್ಲು. ಅದರ ಮೇಲೆ ಟೈರಿನಿಂದ ಕತ್ತರಿಸಿದ ಬಳೆ. ಬಳೆಯ ಒಳಗೆ ಒಡೆಯುವ ಕಲ್ಲು. ಎಡಗೈಯಿಂದ ಬಳೆ ಹಿಡಿ, ಬಲಗೈಯಿಂದ ಹೊಡೆ. ಹೊಡೆಯುವ ಕ್ಷಣದಲ್ಲಿ ಕಣ್ಣು ಮುಚ್ಚು. ಬೇಗ ಮುಚ್ಚಿದರೆ ಬೆರಳು ಹೋಗುತ್ತದೆ. ತಡವಾಗಿ ಮುಚ್ಚಿದರೆ ಕಣ್ಣು ಹೋಗುತ್ತದೆ. ಕಲಿಯಲು ಡೊಸ್ಸಿಗೆ ಎರಡು ಉಗುರು ಬೇಕಾದವು. ಎಡಗೈ ಹೆಬ್ಬೆರಳಿನದು ಮೊದಲ ದಿನ ಕಪ್ಪಾಯಿತು, ಆರನೆಯ ದಿನ ಬಿತ್ತು. ತೋರುಬೆರಳಿನದು ಬೀಳಲಿಲ್ಲ, ಹಾಗೇ ನಿಂತು ಕೀವಾಯಿತು. ಹೂಎಫಾ ಅದಕ್ಕೆ ತಾಳೆ ಎಣ್ಣೆ ಹಚ್ಚಿ ಟ್ಯೂಬಿನ ಚೂರು ಸುತ್ತಿದಳು.

"ಬಿಟ್ಟುಬಿಡೇ ಹುಡುಗಿ."

"ಬಿಟ್ರೆ ನೀನು ಕೊಡಿಸ್ತೀಯಾ ಖಾಕಿ?"

"ನಾನೇ ಬೆತ್ತಲೆ ಕೂತಿದೀನಿ. ನನಗೇ ಯಾರಾದ್ರೂ ಕೊಡಿಸಲಿ."

ಸುತ್ತ ಕೂತ ಹೆಂಗಸರು ನಕ್ಕರು. ಡೊಸ್ಸಿ ನಗಲಿಲ್ಲ. ಹೊಡೆದಳು.

ತುಂಬಿದ ಬಾಂಡ್ಲಿಗೆ ಐವತ್ತು ಫ್ರಾಂಕ್. ಅಳೆಯುವವನು ಬಾಸೀಲ್, ಲೊಕೊಸ್ಸುವಿನ ಗುಮಾಸ್ತ. ಅಳತೆಯ ಬಾಂಡ್ಲಿ ಅವನ ಹತ್ತಿರವೇ ಇರುತ್ತಿತ್ತು. ಅದರ ತಳವನ್ನು ಒಳಗಿನಿಂದ ಬಡಿದು ಬಡಿದು ಕೆಳಕ್ಕೆ ಇಳಿಸಿದ್ದರು. ನೆಲದ ಮೇಲಿಟ್ಟರೆ ಬುಗುರಿಯ ಹಾಗೆ ತಿರುಗುತ್ತಿತ್ತು. ನಿಮ್ಮ ಬಾಂಡ್ಲಿಯಲ್ಲಿ ಒಂದೂಕಾಲು ಹಾಕಿದರೆ ಅವನದರಲ್ಲಿ ಒಂದು.

"ನಿಮ್ಮ ಬಾಂಡ್ಲಿ ಬಸುರಿ ಬಾಸೀಲಣ್ಣ," ಅಂದಳು ಒಂದು ದಿನ ಡೊಸ್ಸಿ. "ಯಾವಾಗ ಹೆರಿಗೆ?"

ಸಾಲಿನಲ್ಲಿ ನಿಂತ ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಬಾಸೀಲ್ ಅವಳ ಬಾಂಡ್ಲಿಯನ್ನು ಕಾಲಿನಿಂದ ಒದ್ದ. ಜಲ್ಲಿ ಚೆಲ್ಲಿತು.

"ಮತ್ತೆ ತುಂಬು. ಸಣ್ಣಸಣ್ಣದಾಗಿ ಒಡೆದಿಲ್ಲ."

ಅವಳು ಮಂಡಿಯೂರಿ ಒಂದೊಂದನ್ನೇ ಆರಿಸಿದಳು. ಚೂಪು ಚಕ್ಕೆಗಳು ಮಂಡಿಗೆ ಹೊಕ್ಕವು. ಮತ್ತೆ ತುಂಬಿದಳು. ಬಾಯಿ ಮುಚ್ಚಿಕೊಂಡು ಐವತ್ತು ಪಡೆದಳು. ಅರ್ಧ ಅಮ್ಮನಿಗೆ, ಅರ್ಧ ಡಬ್ಬಿಗೆ. ಎರಡು ಖಾಕಿ ಬಟ್ಟೆ, ಹೊಲಿಗೆ ಸೇರಿ ಆರು ಸಾವಿರ. ಒಂದನ್ನು ಮೊದಲು ಕೊಂಡು ಇನ್ನೊಂದನ್ನು ಆಮೇಲೆ ಕೊಳ್ಳುವ ಹಾಗಿಲ್ಲ. ಎರಡೂ ಒಂದೇ ದಿನ, ಒಂದೇ ಕೈಯಿಂದ.

ಸ್ಕೂಲು ತೆರೆಯಲು ಒಂದು ವಾರವಿತ್ತು. ಡಬ್ಬಿಯಲ್ಲಿ ಐದು ಸಾವಿರದ ಒಂಬೈನೂರು ಇತ್ತು. ಆ ಶುಕ್ರವಾರ ಅವಳ ಎರಡು ಬಾಂಡ್ಲಿ ತುಂಬಿದವು. ಕೈ ಚಾಚಿದಳು. ಬಾಸೀಲ್ ಏನನ್ನೂ ಇಡಲಿಲ್ಲ.

"ನಿನ್ನದು ಹಿಡ್ಕೊಂಡಿದೀವಿ."

"ಯಾಕೆ?"

"ಯಜಮಾನ್ರ ಮಗಳು ಅವಳಿ ಹೆತ್ತಿದಾಳೆ. ಗೊತ್ತಿಲ್ವಾ? ನಾಳೆ ಮಕ್ಕಳನ್ನ ಎತ್ಕೊಂಡು ಇಲ್ಲಿಗೆ ಬೇಡೋಕೆ ಬರ್ತಾರೆ. ಪ್ರತಿಯೊಬ್ಬರೂ ಎರಡು ನಾಣ್ಯ ಹಾಕಬೇಕು. ನೀವು ಖರ್ಚು ಮಾಡಿಬಿಟ್ಟು ನಾಳೆ ಬರಿಗೈಲಿ ನಿಂತರೆ ಯಜಮಾನ್ರಿಗೆ ಅವಮಾನ. ಅದಕ್ಕೆ ಎಲ್ಲರದ್ದೂ ನೂರು ನೂರು ಹಿಡ್ಕೊಂಡಿದೀವಿ. ನಾಳೆ ಕೈಗೆ ಕೊಡ್ತೀವಿ, ನೀವು ಹಾಕಿ."

ಹೂಎಫಾ ಬಾಯಿ ತೆರೆದು ನಿಂತಳು. "ನಮ್ಮ ದುಡ್ಡು ನಮಗೆ ಕೊಟ್ಟು, ಯಜಮಾನ್ರ ಮೊಮ್ಮಕ್ಕಳಿಗೆ ಹಾಕಿಸ್ಕೋತೀರಾ?"

"ನನ್ನ ಕೇಳಬೇಡ. ಅವರ ಬೀಗಿತ್ತಿ ಹಟ. ಅವಳಿ ತಾಯಿ ಬೇಡಲೇಬೇಕಂತೆ, ಇಲ್ಲದಿದ್ರೆ ಮಕ್ಕಳು ಉಳಿಯಲ್ಲ ಅಂತೆ. ಅದೂ ಅಲ್ಲದೆ..." ಬಾಸೀಲ್ ಡೊಸ್ಸಿಯ ಕಡೆ ತಿರುಗಿದ. "ನೀನು ಮೊದಲು ಹಾಕಬೇಕಂತೆ ಕಣೇ. ಅವಳಿ ಬೆನ್ನಿಗೆ ಹುಟ್ಟಿದವಳ ಕೈ ಮೊದಲು ಬೀಳಬೇಕಂತೆ. ಸುತ್ತಮುತ್ತ ಬೇರೆ ಯಾರೂ ಇಲ್ಲ. ಸ್ನಾನ ಮಾಡ್ಕೊಂಡು ಬಾ."

ಡೊಸ್ಸಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ನೂರರಿಂದ ಖಾಕಿ ಪೂರ್ತಿ ಆಗುತ್ತಿತ್ತು.

"ಬರ್ತೀನಿ," ಅಂದಳು. "ಸ್ನಾನ ಮಾಡ್ಕೊಂಡೇ ಬರ್ತೀನಿ."

ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಸೂರಿನ ಕೆಳಗಿನ ಮೂಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಹೊಲಿಗೆಯ ಸಂದಿಯಿಂದ ಕಪ್ಪು ಹುಳಗಳು ಸಾಲಾಗಿ ಹೊರಗೆ ಬರುತ್ತಿದ್ದವು. ಏಳು ತಿಂಗಳು. ಮೂಟೆ ಬಂದ ದಿನದಿಂದ ಬೆರಳು ಮಡಚಿ ಎಣಿಸಿದಳು. ಏಳೇ.

ಮಾರನೆಯ ದಿನ ಬೆಳಗಿನ ಬಿಸಿಲಿಗೆ ಮೆರವಣಿಗೆ ಬಂತು. ಮುಂದೆ ಡೋಲು. ಹಾಡುವ ಹೆಂಗಸರು. ನಡುವೆ ಲೊಕೊಸ್ಸುವಿನ ಮಗಳು ಅಫಿಯಾವಿ, ಹೊಸ ಬಟ್ಟೆಯಲ್ಲಿ. ಒಂದು ಮಗು ಎದೆಗೆ, ಒಂದು ಬೆನ್ನಿಗೆ. ಇಪ್ಪತ್ತು ದಾಟದ ಹುಡುಗಿ. ಹೆರಿಗೆಯ ಸುಸ್ತು ಮುಖದಲ್ಲಿ ಹಾಗೇ ಇತ್ತು. ಪಕ್ಕದಲ್ಲಿ ಅವಳ ಅತ್ತೆ, ಕೈಯಲ್ಲಿ ಜೋಡಿ ಕುಡಿಕೆ. ಎರಡು ಪುಟ್ಟ ಮಣ್ಣಿನ ಕುಡಿಕೆ, ಹೊಟ್ಟೆಗೆ ಹೊಟ್ಟೆ ಅಂಟಿಸಿ ಸುಟ್ಟದ್ದು. ಒಂದು ನಾಣ್ಯ ಈ ಬಾಯಿಗೆ, ಒಂದು ಆ ಬಾಯಿಗೆ.

ಹಿಂದೆ ಲೊಕೊಸ್ಸು. ಕತ್ತಿನಲ್ಲಿ ಶಿಲುಬೆ, ತಲೆಯ ಮೇಲೆ ಟೋಪಿ. ಭಾನುವಾರ ಚರ್ಚಿನಲ್ಲಿ ಮೊದಲ ಸಾಲು ಅವನದು. ಇವತ್ತು ಶನಿವಾರ.

ಬಾಸೀಲ್ ಎಲ್ಲರಿಗೂ ಎರಡೆರಡು ನಾಣ್ಯ ಹಂಚಿದ. ಅವರವರ ಬೆವರು ಅವರವರ ಕೈಗೆ, ಅರ್ಧ ಗಳಿಗೆಯ ಮಟ್ಟಿಗೆ. ಡೊಸ್ಸಿಯನ್ನು ಮುಂದೆ ತಳ್ಳಿದರು. ತೊಳೆದ ಬಟ್ಟೆ, ಎಣ್ಣೆ ಹಚ್ಚಿದ ಕಾಲು. ಎಡಗೈಯ ಎರಡು ಬೆರಳಿಗೆ ಟ್ಯೂಬಿನ ಚೂರು.

"ಬಾರಮ್ಮ," ಅಂದಳು ಅತ್ತೆ, ಅಕ್ಕರೆಯಿಂದ. "ನಿನ್ನ ಕೈಗುಣ ದೊಡ್ಡದು. ನೀನು ಹಾಕಿದ್ರೆ ಮಕ್ಕಳು ಗಟ್ಟಿಯಾಗಿ ಕೂರ್ತಾವೆ. ಹಾಕು."

ಡೋಲು ನಿಂತಿತು. ಡೊಸ್ಸಿ ಒಂದು ನಾಣ್ಯವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಎಡಗಡೆಯ ಕುಡಿಕೆಗೆ ಬಿಟ್ಟಳು. ಠಣ್ ಅಂತು.

ಇನ್ನೊಂದನ್ನು ಸೊಂಟದ ಬಟ್ಟೆಯ ತುದಿಗೆ ಇಟ್ಟಳು. ಗಂಟು ಹಾಕಿದಳು. ಹಲ್ಲಿನಿಂದ ಎಳೆದು ಬಿಗಿ ಮಾಡಿದಳು.

 ಅತ್ತೆ ಕುಡಿಕೆಯನ್ನು ಅಲುಗಿಸಿ ನೋಡಿದಳು. ಕುಡಿಕೆಯೊಳಗೆ ಒಂದೇ ನಾಣ್ಯ ಗಿಲಗಿಲ ಅಂತು.

"ಎರಡನೆಯದು ಹಾಕಮ್ಮ," ಅಂದಳು. "ಮರೆತೆಯಾ? ಇನ್ನೊಂದು."

"ಮರೆತಿಲ್ಲ."

"ಏ ಹುಡುಗಿ!" ಲೊಕೊಸ್ಸು ಮುಂದೆ ಬಂದ. "ಎರಡನೆಯದು ಹಾಕೇ!"

"ಎರಡನೆಯದು ಎಲ್ಲಿದೆ ಯಜಮಾನ್ರೇ?" ಡೊಸ್ಸಿಯ ದನಿ ಏರಲಿಲ್ಲ. "ನಮ್ಮನೆಗೂ ಒಂದೇ ಬಂದದ್ದು. ನೀವು ಒಂದು ಕೊಟ್ರಿ. ನಾನೂ ಒಂದು ಕೊಟ್ಟೆ. ಸರಿಯಾಯ್ತು."

ಅತ್ತೆ ಬೀಗನ ಕಡೆ ತಿರುಗಿದಳು. "ಏನು ಒಂದು? ಏನು ಕೊಟ್ರಿ ನೀವು?"

 ಉತ್ತರ ಹೂಎಫಾ ಕೊಟ್ಟಳು. ಹನ್ನೆರಡು ವರ್ಷ ಆ ಕ್ವಾರಿಯಲ್ಲಿ ತಲೆ ತಗ್ಗಿಸಿದ್ದವಳು ತಲೆ ಎತ್ತಿ ಹೇಳಿದಳು.

"ಅಕ್ಕಿ ಮೂಟೆ ಅಮ್ಮ. ಇವಳಣ್ಣ ಇದೇ ಬಂಡೆ ಕೆಳಗೆ ಕಟ್ಟಿಗೆಗೆ ಹೋದ. ಅವಳಿ ಹುಡುಗ. ನಿಮ್ಮ ಬೀಗರು ಅವಳಿ ಮನೆಗೆ ಒಂದು ಮೂಟೆ ಇಳಿಸಿ ಬಂದ್ರು. ಒಂದೇ. ಇವತ್ತಿಗೂ ಬಿಚ್ಚಿಲ್ಲ ಅದನ್ನ."

ಅತ್ತೆಯ ಬಾಯಿಂದ ಒಂದು ಸದ್ದು ಬಂತು. ಮಾತಲ್ಲ. ಸೊಸೆಯ ರಟ್ಟೆ ಹಿಡಿದಳು. "ಹೆಜ್ಜೆ ಎತ್ತಬೇಡ. ಎರಡನೆಯದು ಬೀಳೋ ತನಕ ಇಲ್ಲಿಂದ ಹೆಜ್ಜೆ ಎತ್ತಬೇಡ."

ಲೊಕೊಸ್ಸು ಕೈ ಎತ್ತಿದ. ಆ ಕೈ ಡೊಸ್ಸಿಯ ಮುಖದ ಮಟ್ಟಕ್ಕೆ ಬಂತು. ಅವಳು ಕಣ್ಣು ಮುಚ್ಚಲಿಲ್ಲ. ಯಾವಾಗ ಮುಚ್ಚಬೇಕು ಎಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

"ಹೊಡೀರಿ," ಅಂದಳು. "ಅವಳಿ ಬೆನ್ನಿಗೆ ಹುಟ್ಟಿದವಳಿಗೆ ಹೊಡೀರಿ. ನಿಮ್ಮ ಮೊಮ್ಮಕ್ಕಳು ನೋಡ್ತಾ ಇದ್ದಾವೆ."

ಹೂಎಫಾ ಸುತ್ತಿಗೆ ಕೆಳಗಿಟ್ಟಳು. ಅವಳ ಪಕ್ಕದವಳೂ ಇಟ್ಟಳು. ಕಬ್ಬಿಣ ಕಲ್ಲಿಗೆ ತಾಗುವ ಸದ್ದು ಒಂದರ ಹಿಂದೆ ಒಂದು ಬಂತು. ಆಮೇಲೆ ಕ್ವಾರಿಯಲ್ಲಿ ಯಾವ ಸದ್ದೂ ಇರಲಿಲ್ಲ. ಲಾರಿಯ ಚಾಲಕ ಇಂಜಿನ್ ನಿಲ್ಲಿಸಿ ಇಳಿದು ಬಂದ.

ಲೊಕೊಸ್ಸುವಿನ ಕೈ ಇಳಿಯಿತು. ಅದೇ ಕೈ ಜೇಬಿಗೆ ಹೋಯಿತು. ನೋಟು ಹೊರಗೆ ಬಂತು.

"ಎಷ್ಟು ಬೇಕು? ಸಾವಿರ? ಎರಡು ಸಾವಿರ? ತಗೋ. ಹಾಕಿಬಿಡು ತಾಯಿ."

"ಅದು ನಿಮ್ಮ ದುಡ್ಡು. ಹಾಕೋದಾದ್ರೆ ನೀವೇ ಹಾಕ್ಕೊಳ್ಳಿ."

"ಮತ್ತೇನು ಬೇಕು ನಿನಗೆ?"

"ಮೂಟೆ. ಇನ್ನೊಂದು."

ಬಾಸೀಲ್ ಲಾರಿಯಲ್ಲಿ ಅಂಗಡಿಗೆ ಓಡಿದ. ಬಿಸಿಲು ಏರಿತು. ಅತ್ತೆ ಸೊಸೆಯನ್ನು ಕೂರಲು ಬಿಡಲಿಲ್ಲ. ಎದೆಯ ಮೇಲಿನ ಮಗು ಅತ್ತಿತು, ಬೆನ್ನಿನದೂ ಅತ್ತಿತು. ಅಫಿಯಾವಿ ಡೊಸ್ಸಿಯನ್ನು ನೋಡಿದಳು.

"ನನ್ನ ಮಕ್ಕಳು ನಿನಗೇನು ಮಾಡಿದ್ವು?"

"ನಮ್ಮಣ್ಣ ನಿಮಗೇನು ಮಾಡಿದ್ದ?"

ಅಫಿಯಾವಿ ತಲೆ ತಗ್ಗಿಸಿದಳು. ಡೊಸ್ಸಿಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬೇಕು ಎಂದು ಗೊತ್ತಿತ್ತು. ಒಳಗೆ ಹುಡುಕಿದಳು. ಅಲ್ಲಿ ಒಂದು ಬಂಡೆ ಕೂತಿತ್ತು.

ಮೂಟೆ ಬಂತು. ಕ್ವಾರಿಗೆ ಬೇಡ, ಮನೆಗೆ ಅಂದಳು ಡೊಸ್ಸಿ. ಲಾರಿ ಮುಂದೆ, ಮೆರವಣಿಗೆ ಹಿಂದೆ. ಡೋಲಿನವನು ಡೋಲನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಕಲ್ಲು ಒಡೆಯುವ ಅರವತ್ತು ಜನ ಧೂಳು ಮೆತ್ತಿದ ಕಾಲುಗಳಲ್ಲಿ ನಡೆದರು. ಆ ಹೊತ್ತಿನಲ್ಲಿ ಕೆಲಸ ಬಿಟ್ಟು ಅವರು ಯಾವತ್ತೂ ನಡೆದಿರಲಿಲ್ಲ.

ಸೆನಾಮಿ ಅಂಗಳದಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಜನರನ್ನು ಕಂಡು ಗೋಡೆಗೆ ಒರಗಿದಳು. ಹೋದ ಸಲ ಇಷ್ಟು ಜನ ಬಂದಾಗ ನಡುವೆ ಒಂದು ಹಲಗೆ ಇತ್ತು. ಸಾಗ್ಬೊ ಮಾವಿನ ಮರದ ಬೇರಿನ ಮೇಲೆ ಕೂತಿದ್ದ. ಅವನ ಸೊಂಟದಲ್ಲಿ ಗೊಂಬೆ.

ಲಾರಿಯವನು ಮೂಟೆಗೆ ಬೆನ್ನು ಕೊಡಲು ಹೋದ.

"ನೀವಲ್ಲ," ಅಂದಳು ಡೊಸ್ಸಿ. "ಅವರು."

ಲೊಕೊಸ್ಸು ಸುತ್ತ ನೋಡಿದ. ಬೀಗಿತ್ತಿಯನ್ನು ನೋಡಿದ. ಅವಳು ಕುಡಿಕೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕರಗಲಿಲ್ಲ. ಅವನು ಟೋಪಿ ತೆಗೆದು ಬಾಸೀಲ್‌ನ ಕೈಗೆ ಕೊಟ್ಟ. ಬಗ್ಗಿದ. ಇಪ್ಪತ್ತೈದು ಕೆಜಿ ಅವನ ಬೆನ್ನ ಮೇಲೆ ಬಿತ್ತು. ಐದು ಹೆಜ್ಜೆಗೆ ಒಮ್ಮೆ ನಿಂತ. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಸಿಂಬಿ ಕೊಡಲಾ ಯಜಮಾನ್ರೇ?" ಅಂತ ಹಿಂದಿನಿಂದ ಯಾವಳೋ ಕೂಗಿದಳು. "ತಲೆ ಮೇಲೆ ಹೊತ್ರೆ ಹಗುರ!"

"ಬಾಸೀಲಣ್ಣಾ, ಅಳೆದು ನೋಡು! ಸಣ್ಣಸಣ್ಣದಾಗಿದೆಯಾ ಅಂತ!"

ನಗು ಎದ್ದಿತು. ಒಳ್ಳೆಯ ನಗು ಅಲ್ಲ ಅದು. ವರ್ಷಗಳಿಂದ ಬಾಯಿಯೊಳಗೆ ಇಟ್ಟುಕೊಂಡದ್ದನ್ನು ಉಗಿದ ಹಾಗಿತ್ತು.

ಹೊಸ ಮೂಟೆ ಹಳೆಯದರ ಪಕ್ಕ ಕೂತಿತು. ಲೊಕೊಸ್ಸು ಏದುಸಿರು ಬಿಡುತ್ತಾ ಕೈ ಚಾಚಿದ. "ಆಯ್ತಲ್ಲ. ಈಗ ಹಾಕು."

"ಅಣ್ಣನ ಎದುರಿಗೆ ಬನ್ನಿ."

ಸಾಗ್ಬೊ ಎದ್ದು ನಿಂತ. ಗೊಂಬೆಯನ್ನು ಸೊಂಟದಿಂದ ತೆಗೆದು ಅಂಗೈ ಮೇಲೆ ನಿಲ್ಲಿಸಿದ. ಬೆರಳುದ್ದದ ಮರ, ಗೆರೆಯ ಬಾಯಿ.

"ಅವನು ಎಲ್ಲಿಗೆ ಹೋಗಿದ್ದ, ಹೇಳಿ," ಅಂದಳು ಡೊಸ್ಸಿ.

"ಕಟ್ಟಿಗೆಗೆ," ಅಂದ ಲೊಕೊಸ್ಸು ಬೇಗ ಬೇಗ. "ಕಾಡಿಗೆ, ಕಟ್ಟಿಗೆಗೆ ಹೋಗಿದಾನೆ. ಬರ್ತಾನೆ."

"ಅದು ನಾವು ಹೇಳೋ ಮಾತು. ನೀವು ಹೇಳಬೇಕಾದ್ದು ಬೇರೆ. ಪೊಲೀಸ್ನೋರಿಗೆ ಆಟ ಆಡ್ತಿದ್ದ ಅಂದ್ರಿ. ಆಡ್ತಿದ್ದನಾ?"

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಆಡ್ತಿದ್ದನಾ ಯಜಮಾನ್ರೇ?"

ಬೆನ್ನ ಮೇಲಿನ ಮಗು ಕೆಮ್ಮಿತು. ಅಷ್ಟೇ. ಸಣ್ಣ ಕೆಮ್ಮು, ಧೂಳಿನದು. ಲೊಕೊಸ್ಸು ಗಕ್ಕನೆ ತಿರುಗಿದ. ಮುಖದಲ್ಲಿ ರಕ್ತ ಇರಲಿಲ್ಲ.

"ಇಲ್ಲ," ಅಂದ.

"ಮತ್ತೆ?"

"ಕೆಲಸ ಮಾಡ್ತಿದ್ದ."

"ಯಾರ ಕೆಲಸ?"

"ನನ್ನ ಕೆಲಸ."

"ಬಂಡೆ ಬಿರುಕು ಬಿಟ್ಟಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಯಾರು ಕಳಿಸಿದ್ದು?"

"ನಾನು." ಅವನ ದನಿ ಒಡೆಯಿತು. "ನಾನೇ ಕಳಿಸಿದೆ. ಗಂಡಸರು ಹೋಗಲ್ಲ ಅಂದ್ರು. ಲಾರಿ ನಿಂತಿತ್ತು. ಹುಡುಗನನ್ನ ಕಳಿಸಿದೆ. ಸಾಕಾ?"

ಸೆನಾಮಿ ಗೋಡೆಯಿಂದ ಜಾರಿ ನೆಲಕ್ಕೆ ಕೂತಳು. ಏಳು ತಿಂಗಳಿನಿಂದ ಬಾಯೊಳಗೆ ಬಟ್ಟೆ ಇದ್ದ ಹಾಗೆ ಬದುಕಿದವಳು. ಅತ್ತಳೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಹೂಎಫಾ ಅವಳ ಮುಂದೆ ತನ್ನ ಬಟ್ಟೆ ಹರಡಿ ಅಡ್ಡ ನಿಂತಿದ್ದಳು.

ಸಾಗ್ಬೊ ಗೊಂಬೆಯ ಕಿವಿಯ ಹತ್ತಿರ ಬಾಯಿ ಒಯ್ದ. "ಕೇಳಿಸ್ತಾ?" ಅಂದ.

"ಈಗ ಹಾಕು," ಅಂದ ಲೊಕೊಸ್ಸು. "ಹೇಳಿದ್ದೆಲ್ಲಾ ಮಾಡಿದೆ. ಹೊತ್ತೆ. ಹೇಳಿದೆ. ಈಗ ಎರಡನೆಯದು ಹಾಕು."

ಅತ್ತೆ ಕುಡಿಕೆಯನ್ನು ಮುಂದೆ ಚಾಚಿದಳು. ಬಲಗಡೆಯ ಬಾಯಿ ಖಾಲಿ ಇತ್ತು. ಡೊಸ್ಸಿ ಗಂಟನ್ನು ಮುಟ್ಟಿ ನೋಡಿದಳು. ನಾಣ್ಯ ಒಳಗೆ ಗಟ್ಟಿಯಾಗಿತ್ತು. ಅಮ್ಮನನ್ನು ನೋಡಿದಳು, ಅಣ್ಣನನ್ನು ನೋಡಿದಳು, ಸೂರಿನ ಕೆಳಗಿನ ಎರಡು ಮೂಟೆ ನೋಡಿದಳು.

"ಹಾಕ್ತೀನಿ," ಅಂದಳು. "ಹಾಕಲ್ಲ ಅಂತ ನಾನು ಹೇಳಿಲ್ಲ. ಎರಡನೆಯದು ತರೋಕೆ ನೀವು ಏಳು ತಿಂಗಳು ತಗೊಂಡ್ರಿ. ನಾನೂ ಏಳು ತಿಂಗಳು ತಗೋತೀನಿ."

ಲೊಕೊಸ್ಸು ಒಂದು ಹೆಜ್ಜೆ ಮುಂದೆ ಇಟ್ಟ. 

"ಅಲ್ಲಿ ತನಕ ಮಕ್ಕಳನ್ನ ಚೆನ್ನಾಗಿ ನೋಡ್ಕೊಳ್ಳಿ," ಅಂದಳು ಡೊಸ್ಸಿ. "ರಾತ್ರಿ ಎದ್ದೆದ್ದು ನೋಡ್ಕೊಳ್ಳಿ. ನಮ್ಮಮ್ಮ ನೋಡ್ತಿದ್ದಳಲ್ಲ, ಹಾಗೆ."

ಅತ್ತೆ ಅವಳ ಕಾಲು ಹಿಡಿಯಲು ಬಗ್ಗಿದಳು. ಡೊಸ್ಸಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಅವರು ಹೋದ ಮೇಲೆ ಸೆನಾಮಿ ಎರಡೂ ಮೂಟೆಯ ಹೊಲಿಗೆ ಬಿಚ್ಚಿದಳು. ಹಳೆಯದರ ಅರ್ಧ ಪುಡಿಯಾಗಿತ್ತು. ಚೆಲ್ಲಲಿಲ್ಲ. ಹುಳ ಆರಿಸಿ, ಕೇರಿ, ಹೊಸದರ ಜೊತೆ ಬೆರೆಸಿ ಬೇಯಿಸಿದಳು. ಆ ದಿನ ಬೀದಿಯ ಮಕ್ಕಳೆಲ್ಲ ಉಂಡರು. ಸಾಗ್ಬೊ ಎರಡು ತಟ್ಟೆ ಇಟ್ಟುಕೊಂಡು ಎರಡನ್ನೂ ಖಾಲಿ ಮಾಡಿದ.

ಖಾಕಿಗೆ ನೂರು ಫ್ರಾಂಕ್ ಕಡಿಮೆ ಇತ್ತು. ಗಂಟಿನ ನಾಣ್ಯ ಬಿಚ್ಚಿದರೆ ಅರ್ಧ ಸಿಗುತ್ತಿತ್ತು. ಡೊಸ್ಸಿ ಬಿಚ್ಚಲಿಲ್ಲ. ಸೋಮವಾರ ಕ್ವಾರಿಗೆ ಹೋಗಿ ಎರಡು ಬಾಂಡ್ಲಿ ಒಡೆದಳು. ಅಳತೆಯ ಬಾಂಡ್ಲಿಯ ತಳ ನೆಟ್ಟಗಾಗಿತ್ತು. ಯಾರು ಬಡಿದು ನೆಟ್ಟಗೆ ಮಾಡಿದರೆಂದು ಬಾಸೀಲ್ ಹೇಳಲಿಲ್ಲ, ಅವಳು ಕೇಳಲಿಲ್ಲ. ಅವನು ಕಣ್ಣೆತ್ತದೆ ನೂರು ಕೊಟ್ಟ.

ಸ್ಕೂಲು ತೆರೆದ ದಿನ ಸಾಗ್ಬೊ ಖಾಕಿ ತೊಟ್ಟು ಹೊರಟ. ಇನ್ನೊಂದು ಖಾಕಿ ಮಡಚಿ ಚೀಲದಲ್ಲಿತ್ತು. ಅದರ ಜೇಬಿನಲ್ಲಿ ಗೊಂಬೆ. ಬೀದಿಯ ತಿರುವಿನಲ್ಲಿ ಅವನು ಹಿಂತಿರುಗಿ ನೋಡಿ ಕೈ ಎತ್ತಿದ. ಒಂದು ಸಲ ಎತ್ತಿದ. ಆಮೇಲೆ ಇನ್ನೊಂದು ಸಲ.

ಒಂದು ತಿಂಗಳು ಕಳೆಯಿತು. ಅಫಿಯಾವಿಯ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ಸಂತೆಯಲ್ಲಿ ಡೊಸ್ಸಿ ನೋಡಿದಳು. ಕೆನ್ನೆ ತುಂಬಿಕೊಂಡಿತ್ತು. ಅವುಗಳಿಗೆ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಲೊಕೊಸ್ಸುವಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಕ್ವಾರಿಗೆ ಬಂದವನು ಮೊದಲು ಬಂಡೆಯ ಕಡೆ ನೋಡುತ್ತಿರಲಿಲ್ಲ, ಲಾರಿಯ ಕಡೆಯೂ ನೋಡುತ್ತಿರಲಿಲ್ಲ. ಜಲ್ಲಿ ಒಡೆಯುವ ಸಾಲಿನಲ್ಲಿ ಅವಳನ್ನು ಹುಡುಕುತ್ತಿದ್ದ. ಅವಳ ಸೊಂಟದ ಗಂಟನ್ನು ನೋಡುತ್ತಿದ್ದ. ಅವನ ಕಣ್ಣು ಕೆಂಪಾಗಿ ಒಳಗೆ ಹೋಗಿತ್ತು. ನಿದ್ದೆ ಇಲ್ಲದವನ ಕಣ್ಣು.

ಡೊಸ್ಸಿ ತಲೆ ಎತ್ತಿ ಅವನು ನೋಡಿ ಮುಗಿಸುವ ತನಕ ಕಾಯುತ್ತಿದ್ದಳು.

"ಇನ್ನೂ ಆರು ತಿಂಗಳಿದೆ ಯಜಮಾನ್ರೇ," ಅನ್ನುತ್ತಿದ್ದಳು.

ಆಮೇಲೆ ಬಳೆಯೊಳಗೆ ಕಲ್ಲು ಇಟ್ಟು ಹೊಡೆಯುತ್ತಿದ್ದಳು.